ಹೊಸಮನೆಯ ಎಕ್ಸ್‌ಚೇಂಜ್

ಹೋದ ವಾರ ನರ್ಸಿಂಗ್ ಹೋಮಿನವರೊಬ್ಬರು ನನ್ನ ಅಂಗಡಿಗೆ ಬಂದಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಹಳೆಯ ಕಂಪ್ಯೂಟರು, ಸರ್ವರು, ಕೇಬಲ್ಲುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ನನ್ನದು. ಅವರಿಗೆ ಸರ್ವರ್ ಇಡಲು ಒಂದು ರ‍್ಯಾಕ್ ಬೇಕಿತ್ತು. ಹಿಂದಿನ ಗೋಡೆಯ ಬಳಿ ನಿಂತಿರುವ, ಆಳೆತ್ತರದ ಬೂದು ಬಣ್ಣದ ಕಬ್ಬಿಣದ ರ‍್ಯಾಕ್ ಅವರ ಕಣ್ಣಿಗೆ ಬಿತ್ತು. "ಇದು ಗಟ್ಟಿ ಇದೆ, ಇದನ್ನೇ ಕೊಡಿ" ಎಂದರು. ಅದು ಮಾರುವುದಲ್ಲ ಎಂದೆ. ನಂಬಲಿಲ್ಲ, ವ್ಯಾಪಾರದ ವರಸೆ ಎಂದುಕೊಂಡು ಟೇಪ್ ಹಿಡಿದು ಅಳೆದೇಬಿಟ್ಟರು. ಅಳೆದವರು ನನ್ನ ಮುಖ ನೋಡಿ, "ಏನ್ರೀ ಇದು, ಅಗಲಾನೇ ತಪ್ಪಿದೆ! ಯಾವ ಪುಣ್ಯಾತ್ಮ ಮಾಡಿದ್ದು?" ಎಂದು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ತುಂಬ ಹೊತ್ತು ಕೆಲಸಕ್ಕೆ ಮನಸ್ಸು ಬರಲಿಲ್ಲ.

ಮಾಡಿಸಿದ್ದು ಪುಣ್ಯಾತ್ಮನಲ್ಲ, ಪುಣ್ಯಾತ್ಮೆ. ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಮೇಡಂ ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ, ಅವರಿಗೂ ಹೆಸರಿಗಿಂತ ನಂಬರಿನ ಮೇಲೇ ವಿಶ್ವಾಸ ಹೆಚ್ಚು. ದೂರವಾಣಿ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಸರ್ವಿಸಿನ ಬಹುಭಾಗ ಭದ್ರಾವತಿಯ ಎಕ್ಸ್‌ಚೇಂಜಿನಲ್ಲಿ ಕಳೆದು, ದಿನಾ ಶಿವಮೊಗ್ಗದಿಂದ ಹೋಗಿ ಬಂದು, ನಿವೃತ್ತರಾದ ಮೇಲೆ ಇಲ್ಲೇ ಹೊಸಮನೆಯ ತಮ್ಮ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಸಲಿಗೆ ನನಗೆ ಕೊನೆಯವರೆಗೂ ಬರಲಿಲ್ಲ.

ಮೊದಲ ಸಲ ಅಂಗಡಿಗೆ ಬಂದಾಗ ಗಂಜಿ ಹಾಕಿದ ಕಾಟನ್ ಸೀರೆ, ಸೆರಗಿಗೆ ಪಿನ್ನು, ವ್ಯಾನಿಟಿ ಬ್ಯಾಗಿನಲ್ಲಿ ಕರೆಂಟ್ ನೋಡುವ ಟೆಸ್ಟರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಕೆಂಪು ಇಂಕಿನಲ್ಲಿ ಬರೆದ ಚೀಟಿಯೊಂದನ್ನು ಮುಂದಿಟ್ಟರು. "ಮನೇಲಿ ಒಂದು ಎಕ್ಸ್‌ಚೇಂಜ್ ಹಾಕ್ಬೇಕು. ಆರು ಲೈನು. ಸರ್ವರ್ ತೋರ್ಸಿ."

ನನಗೆ ನಗು ಬಂತು. ಆಮೇಲೆ ವಿವರ ತಿಳಿಯಿತು. ಈಗ ಕಂಪ್ಯೂಟರಿನಲ್ಲೇ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದನ್ನು ಅವರು ಪುಸ್ತಕ ತರಿಸಿಕೊಂಡು ಓದಿ ಕಲಿತಿದ್ದರು. ಅವರ ಮನೆಯದು ಹತ್ತನೇ ನಂಬರ್. ಹನ್ನೊಂದರಿಂದ ಹದಿನಾಲ್ಕರವರೆಗೆ, ಅವರ ಜೊತೆ ಕೆಲಸ ಮಾಡಿ ನಿವೃತ್ತರಾದ ನಾಲ್ಕು ಜನರ ಮನೆ. ಮೂವರು ಶಿವಮೊಗ್ಗದವರು, ನಾಲ್ಕನೆಯವನು ಭದ್ರಾವತಿಯ ಲೈನ್‌ಮನ್ ಆರುಮುಗಂ. ಮನೆಮನೆಗೆ ಇಂಟರ್ನೆಟ್ ಇದೆಯಲ್ಲ, ಅದರ ಮೇಲೇ ಮೇಜಿನ ಫೋನು ಕೂರಿಸುವುದು, ಎರಡಂಕಿ ಒತ್ತಿದರೆ ಮಾತು. ಏನಾದರೂ ಕೆಟ್ಟರೆ ಕರೆಯಲಿಕ್ಕೆ ಹದಿನೈದನೇ ನಂಬರ್ ಗೋಪಾಳ ಬಡಾವಣೆಯ ನನ್ನ ಮನೆಗೆ ಬಂತು.

"ಎಲ್ಲರ ಹತ್ರಾನೂ ಮೊಬೈಲ್ ಇದೆಯಲ್ಲ ಮೇಡಂ, ಇದ್ಯಾಕೆ?" ಎಂದು ಕೇಳಿದ್ದೆ.

"ಮೊಬೈಲಿಗೆ ಮಾಡ್ಬೇಕಾದ್ರೆ ಏನಾದ್ರೂ ವಿಷಯ ಬೇಕು ಮಾರಾಯ. ಏನು ಮೇಡಂ, ಏನ್ ವಿಷಯ ಅಂತ ಕೇಳ್ತಾರೆ. ವಿಷಯ ಇರಲ್ಲ."

ಅವರು ಹೇಳಿದ್ದು ಅಷ್ಟೇ. ಅದರಲ್ಲೇ ಎಲ್ಲ ಇತ್ತು. ಆದರೆ ನನ್ನ ಲಕ್ಷ್ಯವೆಲ್ಲ ಆ ಚೀಟಿಯ ಮೇಲಿತ್ತು.

ಆರು ಫೋನಿಗೆ ಊಟದ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಸಾಕು, ಅದೂ ಅರ್ಧ ನಿದ್ದೆ ಮಾಡುತ್ತಿರುತ್ತದೆ. ಒಂದನ್ನು ತೆಗೆದು ಅವರ ಕೈಗಿಟ್ಟೆ. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ ನೋಡಿದರು.

"ಪವರ್ ಸಪ್ಲೈ ಒಂದೇನಾ?"

"ಹೌದು ಮೇಡಂ."

"ಇದು ಹೋದ್ರೆ?"

"ಇನ್ನೊಂದು ಹಾಕೋದು. ಒಂದಿನದ ಕೆಲಸ."

"ಆ ಮಧ್ಯ?"

"ಆ ಮಧ್ಯ ಅಂದ್ರೆ?"

"ಆ ಮಧ್ಯ ಯಾರಾದ್ರೂ ಫೋನ್ ಮಾಡಿದ್ರೆ?"

ಈ 'ಆ ಮಧ್ಯ' ಎನ್ನುವ ಎರಡು ಶಬ್ದ ನನ್ನ ಪ್ರಾಣ ತಿಂದವು. ಚೀಟಿಯಲ್ಲಿದ್ದದ್ದು ಇಷ್ಟು: ಪವರ್ ಸಪ್ಲೈ ಎರಡು. ಡಿಸ್ಕ್ ಎರಡು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರಬೇಕು. ಮೆಷಿನ್ ನಿಲ್ಲಿಸದೆ ಮುಂದಿನಿಂದಲೇ ಎಳೆದು ಬದಲಾಯಿಸುವಂತಿರಬೇಕು. ಕೆಟ್ಟರೆ ದೀಪ ಹತ್ತಬೇಕು. ಕೊನೆಯದರ ಕೆಳಗೆ ಎರಡು ಗೀಟು. "ಕೆಟ್ಟಿದ್ರೆ ಹೇಳ್ಕೋಬೇಕು. ಹೇಳ್ಕೊಳ್ದೇ ಸುಮ್ನೆ ಕೂರೋ ಸಾಮಾನು ನಂಗೆ ಬೇಡ" ಎಂದರು. ಹೇಳಿಕೊಳ್ಳದೆ ಸುಮ್ಮನೆ ಕೂರುವುದರಲ್ಲಿ ಅವರನ್ನು ಮೀರಿಸಿದವರು ಊರಲ್ಲಿರಲಿಲ್ಲ ಎಂಬುದು ಆಗ ನನಗೆಲ್ಲಿ ಗೊತ್ತಿತ್ತು?

ನಾಲ್ಕು ತಿಂಗಳು ಓಡಾಡಿಸಿದರು. ಒಂದು ಸರ್ವರಿನ ಫ್ಯಾನ್ ಶಬ್ದ ಅವರಿಗೆ ಅನುಮಾನ ತಂದಿತು. ಇನ್ನೊಂದರ ದೀಪಗಳು ಹಿಂಬದಿಗಿದ್ದವು. ಹಿಂದೆ ಹೋಗಿ ಬಗ್ಗಿ ಯಾರು ನೋಡುತ್ತಾರೆ ಎಂದು ಬಿಟ್ಟರು. ಕೊನೆಗೆ ಯಾವುದೋ ಆಫೀಸು ಕೈಬಿಟ್ಟ, ಪಿಜ್ಜಾ ಡಬ್ಬಿಯಂತೆ ಚಪ್ಪಟೆಯಾದ, ಇಬ್ಬರು ಎತ್ತಬೇಕಾದ ಸರ್ವರೊಂದು ಒಪ್ಪಿಗೆಯಾಯಿತು. ಅದರ ಒಂದು ಕರೆಂಟಿನ ತಂತಿಯನ್ನು ಕಿತ್ತರು, ನಡೆಯುತ್ತಲೇ ಇತ್ತು. ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತರು, ಆಗಲೂ ನಡೆಯಿತು. ಆಗ ಮೊದಲ ಸಲ ಅವರು ನಕ್ಕದ್ದು ನೋಡಿದೆ. ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದಿ ಇತ್ತು. ನಕ್ಕರೆ ಹುಡುಗಿಯಂತೆ ಕಾಣುತ್ತಿದ್ದರು.

ರ‍್ಯಾಕಿನ ಕತೆ ಬೇರೆ. ನನ್ನಲ್ಲಿದ್ದ ತಗಡಿನ ರ‍್ಯಾಕನ್ನು ಬೆರಳಲ್ಲಿ ಬಡಿದು, "ಇದು ಬಿಸ್ಕತ್ ಡಬ್ಬ" ಎಂದರು. ಭದ್ರಾವತಿಯಲ್ಲಿ ಆರುಮುಗಂಗೆ ಗೊತ್ತಿದ್ದ ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಕಬ್ಬಿಣದಲ್ಲಿ ಮಾಡಿಸಿದರು. ಸರ್ವರುಗಳ ಮುಂಭಾಗ, ಎರಡು ಬದಿಯ ಕಿವಿಗಳೂ ಸೇರಿ, ಹತ್ತೊಂಬತ್ತು ಇಂಚು ಅಗಲ. ಆ ಕಿವಿಗಳನ್ನೇ ಕಂಬಗಳಿಗೆ ಬೋಲ್ಟ್ ಮಾಡಬೇಕಾದ್ದರಿಂದ ಕಂಬಗಳ ನಡುವಿನ ಜಾಗ ಅದಕ್ಕಿಂತ ಕಡಿಮೆ ಇರಬೇಕು. ಮೇಡಂ ಚಿತ್ರ ಬರೆದು "ಹತ್ತೊಂಬತ್ತು ಇಂಚು" ಎಂದಷ್ಟೇ ಬರೆದಿದ್ದರು. ವೆಲ್ಡರ್ ಆಯುಸ್ಸಿಡೀ ಕಾರ್ಖಾನೆಗೆ ಬಾಗಿಲ ಚೌಕಟ್ಟು ಮಾಡಿದ ಮನುಷ್ಯ. ಚೌಕಟ್ಟಿಗೆ ಅಳತೆ ಹೇಳಿದರೆ ಅವನ ಲೆಕ್ಕದಲ್ಲಿ ಅದು ಒಳಗಿನ ತೆರಪು. ಕೂದಲೆಳೆಯಷ್ಟೂ ತಪ್ಪದೆ ಒಳಗೆ ಹತ್ತೊಂಬತ್ತು ಇಂಚು ಬಿಟ್ಟು ಕೊಟ್ಟ. ನಾನೂ ಆರುಮುಗಂನೂ ಸರ್ವರನ್ನು ಎತ್ತಿ ಒಳಗೆ ನೂಕಿದೆವು. ಅದು ಎಲ್ಲಿಯೂ ತಾಗದೆ ಸೀದಾ ಹೋಗಿ ಹಿಂದಿನಿಂದ ಹೊರಬಂತು. ಆರುಮುಗಂ ಹಿಡಿಯದಿದ್ದರೆ ನನ್ನ ಕಾಲ್ಬೆರಳು ಇರುತ್ತಿರಲಿಲ್ಲ.

"ಅವನಿಗೆ ವಾಪಸ್ ಕೊಡಣ ಮೇಡಂ, ಬೇರೆ ಮಾಡ್ಲಿ" ಎಂದ ಆರುಮುಗಂ.

"ಅವನದ್ದೇನು ತಪ್ಪು? ಒಳಗೋ ಹೊರಗೋ ಅಂತ ಬರೀದೇ ಇದ್ದದ್ದು ನಾನು" ಎಂದರು ಮೇಡಂ. ಎರಡೂ ಕಂಬಕ್ಕೆ ಒಳಗಿನಿಂದ ಒಂದೊಂದು ಕಬ್ಬಿಣದ ಪಟ್ಟಿ ಸೇರಿಸಿ, ತೂತು ಹೊಡೆಸಿ, ಸರಿ ಮಾಡಿಸಿದರು. ಹಾಗಾಗಿ ಆ ರ‍್ಯಾಕ್ ಜಗತ್ತಿನ ಎಲ್ಲ ರ‍್ಯಾಕುಗಳಿಗಿಂತ ಒಂದಿಷ್ಟು ಅಗಲ. ತಮ್ಮ ತಪ್ಪನ್ನು ಮುಚ್ಚದೆ ಅದಕ್ಕೇ ಪಟ್ಟಿ ಹಾಕಿ ಬಾಳುವ ಹೆಂಗಸು ಅವರು. ಮುಚ್ಚುವುದರಲ್ಲಿ ನಿಸ್ಸೀಮ ನಾನು.

ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಕೊಡಿಸಿದರು. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಚೊಂಬಿನಲ್ಲಿ ಉಳಿದದ್ದನ್ನು ಆ ಗುಂಡಿಗೆ ಹಾಕುತ್ತಿದ್ದರು. "ಒಣಗಿದ್ರೆ ಕೆಲಸ ಮಾಡಲ್ಲ" ಎನ್ನುತ್ತಿದ್ದರು. ಪಕ್ಕದ ಮನೆಯವರು ಇದು ಯಾವುದೋ ದೇವರು ಎಂದುಕೊಂಡಿದ್ದರಂತೆ.

ಎಕ್ಸ್‌ಚೇಂಜ್ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ನನ್ನ ಮನೆಯ ಫೋನು ಹೊಡೆದುಕೊಂಡಿತು.

"ಹದಿನೈದು, ಟೆಸ್ಟಿಂಗ್."

"ಹಾಂ ಮೇಡಂ, ಸರಿ ಇದೆ."

"ಸ್ವಲ್ಪ ಮೂಗು ಕಟ್ಟಿದ ಹಾಗೆ ಕೇಳುತ್ತೆ."

"ಲೈನಾ?"

"ಲೈನಲ್ಲ ಮಾರಾಯ, ನೀನು. ಬಿಸಿನೀರು ಕುಡಿ." ಫೋನ್ ಇಟ್ಟರು.

ಇದು ಅವರ ಎಕ್ಸ್‌ಚೇಂಜಿನ ಹಳೆಯ ಪದ್ಧತಿ. ಬೆಳಿಗ್ಗೆ ಲೈನುಗಳನ್ನು ಒಂದೊಂದಾಗಿ ಕರೆದು ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು. ಮೂರು ಕಾಲಂ: ಸರಿ, ಕೆಟ್ಟಿದೆ, ಉತ್ತರ ಇಲ್ಲ. ಕೆಟ್ಟಿದ್ದರೆ ರಿಪೇರಿ. ಉತ್ತರ ಇಲ್ಲದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕರೆಯುವುದು, ಆಗಲೂ ಇಲ್ಲದಿದ್ದರೆ ಲೈನ್‌ಮನ್ ಆ ಮನೆಗೇ ಹೋಗಿ ಬಾಗಿಲು ಬಡಿಯಬೇಕು. ಈ ಕೊನೆಯ ನಿಯಮ ಇಲಾಖೆಯದ್ದೋ ಮೇಡಂ ಮಾಡಿದ್ದೋ ಆರುಮುಗಂಗೂ ಗೊತ್ತಿಲ್ಲ. "ಸೈಕಲ್ ತುಳಿದು ತುಳಿದು ಮೊಣಕಾಲು ಹೋಯ್ತು ಸಾರ್. ಹೋಗಿ ನೋಡಿದ್ರೆ ಮನೆಯವರೆಲ್ಲ ಮದುವೆಗೆ ಹೋಗಿರ್ತಾರೆ. ಮೇಡಂ ಮಾತ್ರ, ಬಾಗಿಲು ಬಡಿದ್ಯಾ, ಕಿಟಕೀಲಿ ನೋಡಿದ್ಯಾ ಅಂತ ಕೇಳೋರು" ಎಂದು ಅವನು ನನಗೆ ಹೇಳಿದ್ದ.

ಆ ಬೆಳಗಿನ ಟೆಸ್ಟು ನಿಮಿಷದ ಕೆಲಸ. ಆದರೆ ಹನ್ನೊಂದರಿಂದ ಹದಿನೈದಕ್ಕೆ ಬರುವ ಹೊತ್ತಿಗೆ ಅವರಿಗೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಆರೂವರೆಯ ಫೋನು ಏಳೂಕಾಲಕ್ಕೆ ಬರುತ್ತಿತ್ತು. ನನಗೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಗಡಿಬಿಡಿ. ಹೆಂಡತಿ, "ನಿಮ್ಮ ಟೆಸ್ಟಿಂಗ್ ಬಂತು ನೋಡಿ" ಎಂದು ಹಾಸ್ಯ ಮಾಡುತ್ತಿದ್ದಳು. ಮೇಲಾಗಿ ನಾನು ಕಂಪ್ಯೂಟರಿನವನು. ದಿನಾ ಒಂದೇ ಕೆಲಸವನ್ನು ಕೈಯಿಂದ ಮಾಡುವವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದು ಭಾನುವಾರ ಅವರ ಮನೆಗೆ ಹೋಗಿ ಕೂತು, ಸರ್ವರೇ ತಾನಾಗಿ ಟೆಸ್ಟ್ ಮಾಡುವಂತೆ ಬರೆದುಕೊಟ್ಟೆ. ಬೆಳಿಗ್ಗೆ ಆರೂವರೆಗೆ ಮೆಷಿನ್ ಪ್ರತಿ ಫೋನಿಗೂ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತದೆ. ಫೋನ್ ಜೀವಂತವಿದ್ದರೆ 'ಸರಿ', ಇಲ್ಲವಾದರೆ 'ಕೆಟ್ಟಿದೆ' ಎಂದು ನನಗೂ ಅವರಿಗೂ ಮೇಲ್ ಕಳಿಸುತ್ತದೆ. ಯಾರೂ ಎತ್ತಬೇಕಾಗಿಲ್ಲ. ಅದರ ಜೊತೆಗೇ, ಸರ್ವರಿನ ಯಾವುದೇ ಭಾಗ ಕೆಟ್ಟರೂ ನನಗೆ ಮೇಲ್ ಬರುವಂತೆ ಮಾಡಿದೆ. ನನಗೆ ಬಹಳ ಹೆಮ್ಮೆಯಾಗಿತ್ತು.

ಅವರು ಕನ್ನಡಕ ಏರಿಸಿ ಪರದೆ ನೋಡಿದರು. "ಮೂರನೇ ಕಾಲಂ ಎಲ್ಲಿ?"

"ಅದು ಬೇಕಾಗಲ್ಲ ಮೇಡಂ. ಉತ್ತರ ಇಲ್ಲ ಅಂದ್ರೂ ಲೈನ್ ಸರಿ ಇದೆ ಅಂತಾನೇ ಅಲ್ವಾ?"

"ಹೌದು, ಸರಿ ಇದೆ ಅಂತಾನೇ. ಒಳ್ಳೇ ಕೆಲಸ ಮಾಡಿದೆ. ನಿಂಗೂ ಬೆಳಿಗ್ಗೆ ತೊಂದ್ರೆ ಆಗ್ತಿತ್ತು" ಎಂದು ಎದ್ದು ಹೋಗಿ ಕಾಫಿ ತಂದರು. ಅವತ್ತು ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ನಾನು ಹೇಳಲಿಲ್ಲ. ಅವರೂ ಅದನ್ನೇ ಕುಡಿದರು.

ಈಗ ಯೋಚಿಸಿದರೆ ತಿಳಿಯುತ್ತದೆ, ಅವರು ಮೇಲಧಿಕಾರಿಯಾಗಿ ಬಾಳಿದವರು, ಸುಮ್ಮನೆ ಯಾರಿಗಾದರೂ ಫೋನ್ ಮಾಡಿ ಹೇಗಿದ್ದೀರಿ ಎನ್ನಲು ನಾಚಿಕೆ. ಟೆಸ್ಟಿಂಗ್ ಎಂಬ ನೆಪವೊಂದಿತ್ತು. ಎರಡು ಪವರ್ ಸಪ್ಲೈ, ಎರಡು ಡಿಸ್ಕ್, ಆಳೆತ್ತರದ ರ‍್ಯಾಕ್, ಅರ್ತಿಂಗ್ ಗುಂಡಿ ಎಲ್ಲವೂ ಆ ಮುಕ್ಕಾಲು ಗಂಟೆಗಾಗಿ ಇದ್ದವು. ದಿನಕ್ಕೆ ಐದು ಜನ ತಮಗೆ ಓಗೊಡಬೇಕು ಎಂದು ಆಕೆ ಇಷ್ಟೆಲ್ಲ ಕಟ್ಟಿಕೊಂಡಿದ್ದರು. ಅದನ್ನು ನಾನು ಒಂದು ಭಾನುವಾರ ಮಧ್ಯಾಹ್ನ ಅವರ ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡು ಕಾಫಿ ಕುಡಿದು ಬಂದೆ.

ಆಮೇಲೆ ಏಳೆಂಟು ತಿಂಗಳು ದಿನಾ ಮೇಲ್ ಬರುತ್ತಿತ್ತು. ಹತ್ತು: ಸರಿ. ಹನ್ನೊಂದು: ಸರಿ. ನಾನು ತೆರೆದು ನೋಡುವುದನ್ನೂ ಬಿಟ್ಟೆ.

ಒಂದು ಮಂಗಳವಾರ ಬೆಳಿಗ್ಗೆ ಬೇರೆ ಥರದ ಮೇಲ್ ಬಂತು. ಸರ್ವರಿನ ಎರಡು ಡಿಸ್ಕುಗಳಲ್ಲಿ ಒಂದು ಕೆಟ್ಟಿದೆ ಎಂದು. ಅಂಗಡಿಯಲ್ಲಿ ಜನ ಇದ್ದರು. ಇನ್ನೊಂದು ಡಿಸ್ಕ್ ಇದೆಯಲ್ಲ, ಕೆಲಸವೇನೂ ನಿಲ್ಲುವುದಿಲ್ಲ, ನಾಳೆ ಹೋದರಾಯಿತು ಎಂದುಕೊಂಡೆ. ಬುಧವಾರ ಹನ್ನೊಂದು ಗಂಟೆಗೆ ಹೊಸ ಡಿಸ್ಕ್ ಹಿಡಿದು ಹೊಸಮನೆಗೆ ಹೋದೆ. ಬೆಲ್ ಮಾಡಿದೆ, ಬಾಗಿಲು ತೆರೆಯಲಿಲ್ಲ. ಅವರ ಮೊಬೈಲಿಗೆ ಮಾಡಿದೆ, ಒಳಗೆಲ್ಲೋ ಹೊಡೆದುಕೊಂಡು ನಿಂತಿತು. ಜೇಬಿನ ಫೋನಿನಲ್ಲಿ ಅವತ್ತಿನ ವರದಿ ನೋಡಿದೆ. ಹತ್ತು: ಸರಿ. ಸುತ್ತಿ ಹೋಗಿ ಕಿಟಕಿಯಲ್ಲಿ ನೋಡಿದೆ. ಬಚ್ಚಲ ಬಾಗಿಲಿನ ಹತ್ತಿರ ಅವರ ಸೀರೆಯ ಅಂಚು ಕಂಡಿತು.

ಸೊಂಟದ ಮೂಳೆ ಮುರಿದಿತ್ತು. ಮಂಗಳವಾರ ಬೆಳಗಿನ ಜಾವ ಜಾರಿ ಬಿದ್ದವರು ಒಂದು ಹಗಲು, ಒಂದು ರಾತ್ರಿ ಹಾಗೇ ಇದ್ದರು. ಪಕ್ಕದ ಮನೆಯವರು ಊರಿಗೆ ಹೋಗಿದ್ದರು. ಬಾಗಿಲು ಒಡೆದು ಎತ್ತಿದಾಗ ಎಚ್ಚರವಿತ್ತು. ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಡಿಸ್ಕ್ ತಂದ್ಯಾ?" ಎಂದು. ರ‍್ಯಾಕಿನಲ್ಲಿ ಕೆಂಪು ದೀಪ ಹತ್ತಿದ್ದು ಬಿದ್ದಲ್ಲಿಂದಲೇ ಅವರಿಗೆ ಕಾಣುತ್ತಿತ್ತು. ಡಿಸ್ಕ್ ಕೆಟ್ಟಿದ್ದಕ್ಕೆ ಮೆಷಿನ್ ನನ್ನನ್ನು ಕರೆಸಿತು, ಅವರು ಬಿದ್ದದ್ದಕ್ಕಲ್ಲ.

ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಕ್ಷಮಿಸಿ ಎಂದೆ. ಅದೊಂದನ್ನು ಹೇಳಿದೆ ಎನ್ನುವುದೇ ನನಗಿರುವ ಸಮಾಧಾನ.

"ನೀನೇನು ಮಾಡ್ದೆ? ಲೈನ್ ಸರಿ ಇತ್ತು. ನಿನ್ನ ಮೆಷಿನ್ ಸುಳ್ಳು ಹೇಳಿಲ್ಲ" ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತಾ, "ಎರಡು ದಿನಾನೂ ಬೆಳಿಗ್ಗೆ ಹೊಡೀತು ಮಾರಾಯ. ಒಂದೇ ರಿಂಗು, ಕಟ್. ಇನ್ನೊಂದು ಸ್ವಲ್ಪ ಹೊತ್ತು ಹೊಡೆಯಬಾರ್ದಾ ಅನ್ನಿಸ್ತು" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕಾರಿಡಾರಿನಲ್ಲಿ ಅತ್ತೆ.

ಅವತ್ತೇ ಮೆಷಿನ್ನಿನ ಟೆಸ್ಟ್ ನಿಲ್ಲಿಸಿ, ಮರುದಿನದಿಂದ ನಾನೇ ಒಬ್ಬೊಬ್ಬರನ್ನೇ ಕರೆಯತೊಡಗಿದೆ. ಆರುಮುಗಂ ಫೋನಿನಲ್ಲಿ, "ಮಿಷಿನ್ ನೋಡ್ಕೊಳ್ತದೆ ಅಂದ್ರು, ನಾನೂ ಸುಮ್ನಿದ್ದೆ ಸಾರ್. ಮೊದ್ಲಿನ ಥರ ಇದ್ದಿದ್ರೆ, ಬೆಳಿಗ್ಗೆ ಮೇಡಂ ಫೋನ್ ಬರ್ಲಿಲ್ಲ ಅಂತ ಮಂಗಳವಾರವೇ ಬಸ್ ಹತ್ತಿರ್ತಿದ್ದೆ" ಎಂದ. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆದರೂ ಚುಚ್ಚಿತು.

ಮೇಡಂರನ್ನು ಅವರ ತಂಗಿಯ ಮಗಳು ಭದ್ರಾವತಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹತ್ತನೇ ನಂಬರಿನ ಫೋನನ್ನು ಅಲ್ಲಿಗೇ ತಂದು ಕೂರಿಸುತ್ತೇನೆ ಎಂದೆ. "ಬೇಡ. ಅವರ ಮನೇಲಿ ಬೆಳಿಗ್ಗೆ ಬೆಳಿಗ್ಗೆ ಫೋನ್ ಹೊಡೆದ್ರೆ ಚೆನ್ನಾಗಿರಲ್ಲ" ಎಂದರು. ಮಂಚದ ಮೇಲೆ ಅಷ್ಟು ಸಣ್ಣಗೆ ಕಾಣುತ್ತಿದ್ದರು. ಆಮೇಲೆ ಧ್ವನಿ ಬದಲಾಯಿಸಿ, ಡ್ಯೂಟಿಯ ಮೇಲಿದ್ದವರಂತೆ ವರದಿ ಕೇಳಿದರು.

"ಹನ್ನೊಂದು?"

"ಸರಿ ಇದೆ ಮೇಡಂ. ಅವರ ಮಗಳು ಬಂದಿದ್ದಾಳಂತೆ."

"ಹನ್ನೆರಡು? ಹದಿಮೂರು?"

"ಸರಿ."

"ಹದಿನಾಲ್ಕು?"

"ಆರುಮುಗಂಗೆ ಕೆಮ್ಮು."

"ಹತ್ತು?"

"ಉತ್ತರ ಇಲ್ಲ ಮೇಡಂ."

ಆ ಎರಡು ಹಲ್ಲಿನ ಸಂದಿ ಕಾಣುವಂತೆ ನಕ್ಕರು. "ಹಾಗಾದ್ರೆ ಬಂದು ನೋಡಿದ್ದು ಸರಿ ಆಯ್ತು" ಎಂದರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ವಾರ ಬರುತ್ತೇನೆ ಎಂದಿದ್ದೆ, ಅಂಗಡಿಯ ಕೆಲಸದಲ್ಲಿ ಹೋಗಲಾಗಲಿಲ್ಲ. ಆ ಮಧ್ಯ ಅವರು ಹೋಗಿಬಿಟ್ಟರು.

ಹೊಸಮನೆಯ ಮನೆ ಖಾಲಿ ಮಾಡುವಾಗ, ಈ ಕಬ್ಬಿಣ ಏನೆಂದು ತಮಗೆ ತಿಳಿಯದು, ನೀವೇ ತೆಗೆದುಕೊಂಡು ಹೋಗಿ ಎಂದಳು ತಂಗಿಯ ಮಗಳು. ರ‍್ಯಾಕಿನ ಕೆಳಗಿನ ಹಲಗೆಯ ಮೇಲೆ ಟೆಸ್ಟ್ ರಿಜಿಸ್ಟರ್ ಇತ್ತು. ಅಂಗಡಿಗೆ ತಂದು ಬಿಡಿಸಿ ನೋಡಿದೆ. ಮೂರು ಕಾಲಂ ಆದ ಮೇಲೆ ಷರಾ ಬರೆಯುವ ಜಾಗದಲ್ಲಿ ಅದೇ ಕೆಂಪು ಇಂಕು. 'ಹನ್ನೆರಡು: ಊಟ ಸೇರುತ್ತಿಲ್ಲ.' 'ಹದಿನಾಲ್ಕು: ಇವತ್ತು ಹಾಡು ಹೇಳಿದ.' 'ಹದಿನೈದು: ಅವಸರದಲ್ಲಿದ್ದಾನೆ.' 'ಹದಿನೈದು: ಅವಸರದಲ್ಲಿದ್ದಾನೆ.' ನಾನು ಹೋಗಿದ್ದ ಆ ಭಾನುವಾರದ ಮರುದಿನದಿಂದ ಪ್ರತಿ ತಾರೀಖಿನ ಎದುರಿಗೂ ಒಂದೇ ಸಾಲು: 'ಮೆಷಿನ್. ಎಲ್ಲಾ ಸರಿ.' ಬೀಳುವವರೆಗಿನ ಏಳೆಂಟು ತಿಂಗಳು, ಒಂದು ದಿನವೂ ಬಿಡದೆ, ಅದನ್ನು ಬರೆದಿದ್ದರು.

ಈಗ ಎಕ್ಸ್‌ಚೇಂಜ್ ನನ್ನ ಅಂಗಡಿಯಲ್ಲಿದೆ. ಹದಿನೈದನೇ ನಂಬರಿನ ಫೋನನ್ನೂ ಇಲ್ಲಿಗೇ ತಂದುಕೊಂಡಿದ್ದೇನೆ. ಹತ್ತನೆಯದು ರ‍್ಯಾಕಿನ ಮೇಲೇ ಕೂತಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ಕಸ ಗುಡಿಸಿ, ರಿಜಿಸ್ಟರ್ ಬಿಡಿಸಿ ಟೆಸ್ಟ್ ಶುರು ಮಾಡುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಿರಾಕಿಗಳು ಕಾಯುತ್ತಾರೆ, ಕೆಲವರು ಬೈದುಕೊಂಡು ಹೋಗುತ್ತಾರೆ. ಮೊದಲು ಹತ್ತನ್ನು ಕರೆಯುತ್ತೇನೆ. ನನ್ನಿಂದ ನಾಲ್ಕಡಿ ದೂರದಲ್ಲಿ ಅದು ಹೊಡೆದುಕೊಳ್ಳುತ್ತದೆ. ಕೈ ಚಾಚಿದರೆ ಎತ್ತಬಹುದು, ಎತ್ತುವುದಿಲ್ಲ. ತಾನಾಗಿ ನಿಲ್ಲುವವರೆಗೂ ಪೂರ್ತಿ ಹೊಡೆಯಲು ಬಿಡುತ್ತೇನೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕರೆದು, ಮೂರನೇ ಕಾಲಂನಲ್ಲಿ ಗುರುತು ಹಾಕುತ್ತೇನೆ.

ಎಲ್ಲರದ್ದೂ ಮುಗಿದು ಕೊನೆಗೆ ಆರುಮುಗಂ. ಅವನು ಕೆಮ್ಮಿ, ಮಳೆ ಬಿಸಿಲು ಹೇಳಿ, ಮೊಣಕಾಲು ಹೇಳಿ, ಫೋನ್ ಇಡುವ ಮೊದಲು ದಿನಾ ಕೇಳುತ್ತಾನೆ.

"ಹತ್ತು?"

"ಉತ್ತರ ಇಲ್ಲ."

"ಎರಡು ಸಲ ಮಾಡಿದ್ರಾ ಸಾರ್?"

"ಮಾಡ್ದೆ."

ಆ ಕಡೆಯಿಂದ ಅವನ ಉಸಿರೂ ಕೇಳಿಸುತ್ತದೆ. ಲೈನ್ ಬಹಳ ಚೆನ್ನಾಗಿದೆ.

"ಸರಿ ಸಾರ್," ಎನ್ನುತ್ತಾನೆ, "ನಾಳೆ ನೋಡಣ."